ಫರಸಿಯ ಮೇಲೆ ಇಪ್ಪತ್ತೊಂದು ಅರ್ಥ

ಮೂವತ್ತು ವರ್ಷ ಇಂಗ್ಲಿಷ್ ಕಲಿಸಿದವಳು ನಾನು. ಚಿಂಚೋಳಿ, ಸುಲೇಪೇಟ, ಚಿತ್ತಾಪುರ ಅಂತ ವರ್ಗವಾದ ಕಡೆಗೆಲ್ಲ ಟ್ರಂಕು ಕಟ್ಟಿಕೊಂಡು ಹೋದೆ. ಎಲ್ಲಿಗೆ ಹೋದರೂ ಅದೇ ಪಾಠ, ಅದೇ ತಪ್ಪು, ಅದೇ ಕೆಂಪು ಮಸಿ. ಈಗ ಯಾರಾದರೂ ಮಗುವಿನ ಕೈ ಹಿಡಿದುಕೊಂಡು ಬಂದು, ‘ಟೀಚರ್, ಜರಾ ಇಂಗ್ಲಿಷ್ ಹೇಳಿಕೊಡ್ರಿ’ ಅಂದರೆ ತಲೆನೋವು ಅಂತ ಹೇಳಿ ಕಳಿಸಿಬಿಡುತ್ತೇನೆ. ಅದು ನೆಪವಲ್ಲ, ನಿಜವಾಗಿಯೂ ತಲೆ ನೋಯುತ್ತದೆ. ಅದರಲ್ಲೂ ‘ಗೆಟ್’ ಅನ್ನುವ ಶಬ್ದವೊಂದಿದೆಯಲ್ಲ, ಮೂರೇ ಅಕ್ಷರದ್ದು, ಅದನ್ನು ಕಂಡರೆ ಕೂತಲ್ಲೇ ಮೈಯೆಲ್ಲ ಸೋತು ಬರುತ್ತದೆ. ಈ ಸುಸ್ತು ನನಗೆ ಎಲ್ಲಿಂದ ಹತ್ತಿಕೊಂಡಿತು ಅನ್ನುವುದು ಚೆನ್ನಾಗಿ ಗೊತ್ತಿದೆ. ಅದನ್ನು ಒಂದು ಸಲ ಬರೆದು ಮುಗಿಸಿಬಿಡಬೇಕು ಅಂತ ಕೂತಿದ್ದೇನೆ.

ನಮ್ಮೂರು ಸೇಡಂ. ಅಪ್ಪ ಅಲ್ಲಿ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಯಾವ ಕಚೇರಿ ಅಂತ ಕೇಳಬೇಡಿ, ಹೇಳುವುದಿಲ್ಲ. ಅಪ್ಪ ಓದಿದ್ದು ನಿಜಾಮರ ಕಾಲದಲ್ಲಿ, ಉರ್ದುವಿನಲ್ಲಿ. ಆಗ ನಮ್ಮ ಕಡೆ ಶಾಲೆಗೆ ಹೋದವರೆಲ್ಲ, ಯಾವ ಜಾತಿಯವರೇ ಇರಲಿ, ಕಲಿತದ್ದು ಉರ್ದುವೇ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಅಷ್ಟಿಷ್ಟು ತೆಲುಗು, ಕಾಗದದ ಮೇಲೆ ಉರ್ದು. ಅಪ್ಪನ ಅಕ್ಷರ ಎಷ್ಟು ಚಂದವಿತ್ತೆಂದರೆ, ಓದಲು ಬಾರದ ನಮ್ಮವ್ವ ಕೂಡ ಅವನು ಬರೆದ ಕಾಗದವನ್ನು ಒಲೆಗೆ ಹಾಕುತ್ತಿರಲಿಲ್ಲ. ಅರ್ಜಿ ಬರೆಸಲಿಕ್ಕೆ ಮಳಖೇಡದಿಂದ ಸಹ ಜನ ನಮ್ಮ ಕಟ್ಟೆಗೆ ಬಂದು ಕೂಡುತ್ತಿದ್ದರು.

ಆಮೇಲೆ ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಕನ್ನಡ ಮಾತಾಡುವವರೆಲ್ಲ ಒಂದಾದೆವು ಅಂತ ಊರಲ್ಲಿ ಪೇಢೆ ಹಂಚಿದರು, ನಮ್ಮಪ್ಪನೂ ಹಂಚಿದ. ಅವನಿಗೇನು ಗೊತ್ತಿತ್ತು ಪಾಪ! ಒಂದೆರಡು ವರ್ಷದಲ್ಲಿ ಕಚೇರಿಯ ಕಾಗದಗಳೆಲ್ಲ ಇಂಗ್ಲಿಷಿಗೆ ತಿರುಗಿದವು. ಉರ್ದು ಬಲ್ಲ ಹಳೆಯ ಗುಮಾಸ್ತರು ಇಲಾಖೆಯ ಇಂಗ್ಲಿಷ್ ಪರೀಕ್ಷೆಯೊಂದನ್ನು ಪಾಸು ಮಾಡಬೇಕು, ಮೂರು ಸಲ ಕೂಡಬಹುದು, ಮೂರರಲ್ಲೂ ಆಗದಿದ್ದರೆ ಮೇಜು ಬಿಟ್ಟು ರೆಕಾರ್ಡ್ ರೂಮಿಗೆ ಹೋಗಬೇಕು ಅಂತ ಆದೇಶ ಬಂತು. ರೆಕಾರ್ಡ್ ರೂಮು ಅಂದರೆ ಕಚೇರಿಯ ಹಿಂದಿನ ಕತ್ತಲು ಕೋಣೆ, ಹಳೆಯ ಉರ್ದು ಕಡತಗಳ ಗೋದಾಮು. ಅಲ್ಲಿಗೆ ಹೋದವರು ನಿವೃತ್ತಿಯ ದಿನವೇ ಹೊರಗೆ ಬರುತ್ತಿದ್ದರು.

ಅಪ್ಪ ಮೊದಲ ಸಲ ಫೇಲಾದ, ಎರಡನೆಯ ಸಲವೂ ಫೇಲಾದ. ಉಳಿದದ್ದು ಒಂದೇ. ಅಷ್ಟರಲ್ಲಿ ನಾನು ಮೆಟ್ರಿಕ್ ಮುಗಿಸಿದ್ದೆ. ಇಂಗ್ಲಿಷಿನಲ್ಲಿ ಒಳ್ಳೆಯ ಅಂಕ ಬಂದಿದ್ದವು, ಜೊತೆಗೆ ಒಂದಿಷ್ಟು ಸೊಕ್ಕೂ ಬಂದಿತ್ತು. ಅಪ್ಪನಿಗೆ ನಾನೇ ಕಲಿಸುತ್ತೇನೆ ಅಂತ ಸೆರಗು ಸಿಕ್ಕಿಸಿಕೊಂಡು ನಿಂತೆ.

‘ಗಿಡ ಇದ್ದಾಗ ಬಗ್ಗದ್ದು ಮರಾ ಆದ ಮ್ಯಾಲ ಬಗ್ತದೇನು?’ ಅಂದಳು ಅವ್ವ, ರೊಟ್ಟಿ ಬಡಿಯುತ್ತ.

‘ಬಗ್ಗಲಿಲ್ಲಂದ್ರ ಕಡೀತಾರಲ್ಲ, ಬಗ್ಬೇಕೀಗ’ ಅಂದ ಅಪ್ಪ.

ಅಪ್ಪನ ಕಚೇರಿಗೆ ಮೈಸೂರು ಕಡೆಯ ಒಬ್ಬ ಸಾಹೇಬರು ಬಂದಿದ್ದರು. ಕೆಟ್ಟವರಲ್ಲ, ಆದರೆ ಅವರ ಕನ್ನಡ ಇವರಿಗೆ ತಿಳಿಯದು, ಇವರ ಕನ್ನಡ ಅವರಿಗೆ ತಿಳಿಯದು, ಹಾಗಾಗಿ ಅವರು ಇಂಗ್ಲಿಷಿಗೆ ಬಿದ್ದುಬಿಡುತ್ತಿದ್ದರು. ಅಪ್ಪ ಅವರ ಬಾಯಿಂದ ಬಂದದ್ದನ್ನೆಲ್ಲ ಜೇಬಿನ ಚೀಟಿಯಲ್ಲಿ ಉರ್ದು ಲಿಪಿಯಲ್ಲಿ ಬರೆದುಕೊಂಡು ಸಂಜೆ ನನ್ನ ಮುಂದೆ ಓದುತ್ತಿದ್ದ. ಒಂದು ದಿನ ಚೀಟಿ ಪೂರ್ತಿ ಒಂದೇ ಶಬ್ದ. ಫೈಲ್ ತರಲಿಕ್ಕೂ ಗೆಟ್, ಸಹಿ ಹಾಕಿಸಲಿಕ್ಕೂ ಗೆಟ್, ಹೊರಗೆ ಹೋಗು ಅನ್ನಲಿಕ್ಕೂ ಗೆಟ್, ನೀನು ಹೇಳಿದ್ದು ತಿಳಿಯಲಿಲ್ಲ ಅನ್ನಲಿಕ್ಕೂ ಗೆಟ್.

‘ಯವ್ವಾ, ಇದೊಂದು ಶಬ್ದ ಕಲಿಸಿಬಿಡು. ಇದು ಬಂತಂದ್ರ ಅರ್ಧಾ ಇಂಗ್ಲಿಷ್ ಬಂದಂಗ’ ಅಂದ.

ನಾನು ಡಿಕ್ಷನರಿ ತೆರೆದೆ. ತೆರೆದವಳು ಬೆಪ್ಪಾಗಿ ಕೂತೆ. ಆ ಮೂರಕ್ಷರಕ್ಕೆ ಎರಡು ಪುಟದ ಅರ್ಥ. ಪಡೆ, ಆಗು, ತಲುಪು, ತಾ, ಹಿಡಿ, ತಿಳಿ, ಏಳು, ಇಳಿ, ಪಾರಾಗು. ಇದೇ ಕೆಲಸಗಳಿಗೆ ಇಂಗ್ಲಿಷಿನಲ್ಲಿ ಬೇರೆ ಬೇರೆ ಶಬ್ದಗಳೂ ಇದ್ದವು. ರಿಸೀವ್, ಬಿಕಮ್, ಅರೈವ್, ಫೆಚ್, ಹೀಗೆ ಒಂದಷ್ಟನ್ನು ಅಪ್ಪನಿಗೆ ಓದಿ ಹೇಳಿದೆ. ಅವನು ಗಲ್ಲಕ್ಕೆ ಕೈ ಹಚ್ಚಿಕೊಂಡು ಕೇಳಿದ.

‘ಇಷ್ಟು ಮಂದಿ ನೌಕರರು ಇದ್ದಾಗ ಈ ಒಬ್ಬನ ಕೈಲೆ ಯಾಕ ದುಡಸ್ತಾರ? ಎಲ್ಲಾರ ಕೆಲಸಾ ಇವನೇ ಮಾಡ್ಬೇಕು. ನಮ್ಮ ಕಚೇರಿ ಜವಾನ ಇದ್ದಂಗ ಇದ್ದಾನ ನೋಡು, ಪಾಪ.’

ಅವನಿಗೆ ಆ ಶಬ್ದದ ಮೇಲೆ ಅವತ್ತಿನಿಂದ ಒಂಥರಾ ಕರುಣೆ. ನಾನು ಇದು ಹೀಗೆ, ಅದು ಹಾಗೆ ಅಂತ ಎಷ್ಟು ಒದರಿದರೂ ತಲೆಗೆ ಹೋಗುತ್ತಿರಲಿಲ್ಲ. ಒಂದು ಶಬ್ದ ಒಂದೇ ಕೆಲಸ ಮಾಡಬೇಕು ಅನ್ನುವುದು ಅವನ ಹಟ. ನಾಲ್ಕು ದಿನ ನಾನೂ ಸಿಟ್ಟಾದೆ, ಅವನೂ ಸಿಟ್ಟಾದ. ಐದನೆಯ ದಿನ ಅವ್ವ ಒಳಗಿನಿಂದ, ‘ಒಲಿ ಹತ್ತವಲ್ದು, ಜರಾ ಊದ್ರಿ ಯಾರರ’ ಅಂತ ಕೂಗಿದಳು. ಅಲ್ಲಿ ನನಗೆ ದಾರಿ ಸಿಕ್ಕಿತು.

‘ಎಪ್ಪಾ, ಒಲಿ ಹತ್ತತದ. ಬಸ್ಸೂ ಹತ್ತೀವಿ. ನಿದ್ದಿನೂ ಹತ್ತತದ. ಬೀಡಿ ಚಟಾನೂ ಹತ್ತತದ. ಕಳದದ್ದರ ಗೊತ್ತೂ ಹತ್ತತದ. ಎಲ್ಲಾ ಒಂದೇ ಶಬ್ದ ಅಲ್ಲೇನು? ಅದಕ್ಕ ಯಾರರ ಅರ್ಥ ಕೇಳ್ತಾರೇನು ನಿನಗ?’

ಅಪ್ಪ ಒಂದು ಗಳಿಗೆ ನನ್ನ ಮುಖ ನೋಡಿದ. ಆಮೇಲೆ ಎದ್ದು ನಿಂತು, ‘ಅರೆ ಭಾಪರೇ! ಹೌದಲ್ಲ!’ ಅಂತ ನಕ್ಕ. ಅಷ್ಟು ದೊಡ್ಡದಾಗಿ ಅವನು ನಕ್ಕದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

ನಮ್ಮ ಪಡಸಾಲೆಗೆ ಶಹಾಬಾದ್ ಕಲ್ಲಿನ ಫರಸಿ ಹಾಸಿತ್ತು. ಸಾಲಿಗೆ ಏಳರಂತೆ ಮೂರು ಸಾಲು, ಇಪ್ಪತ್ತೊಂದು ಕಲ್ಲು. ನೋಟುಬುಕ್ಕಿಗೆ ಯಾಕೆ ಖರ್ಚು ಅಂತ ನಾವು ಸೀಮೆಸುಣ್ಣದಿಂದ ಫರಸಿಯ ಮೇಲೆಯೇ ಬರೆಯುತ್ತಿದ್ದೆವು. ಒಂದು ಕಲ್ಲಿಗೆ ಒಂದು ಅರ್ಥ, ಅದರ ಕೆಳಗೆ ಅಪ್ಪ ಬರೆದ ಒಂದು ವಾಕ್ಯ. ಅಪ್ಪ ಮೊಣಕಾಲೂರಿ, ಎಡದಿಂದ ಬಲಕ್ಕೆ, ನಾಲಿಗೆ ಕಚ್ಚಿಕೊಂಡು ಬರೆಯುತ್ತಿದ್ದ. ಒಂದೊಂದು ಸಲ ಕೈ ತನ್ನಷ್ಟಕ್ಕೆ ತಾನೇ ಬಲಗಡೆಗೆ ಹೋಗಿ ನಿಲ್ಲುತ್ತಿತ್ತು, ಅವನೇ ಅದನ್ನು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದ. ಅವ್ವ ನೀರಿನ ಕೊಡ ಹೊತ್ತುಕೊಂಡು ಗೋಡೆ ಹಿಡಿದು ಬರುವಳು. ‘ನನ್ನ ಮನ್ಯಾಗ ನನಗ ಕಾಲಿಡ್ಲಾಕ ಜಾಗಾ ಇಲ್ಲ ನೋಡ್ರಿ’ ಅಂತ ಬೈಯುವಳು, ಆದರೆ ಒಂದು ಅಕ್ಷರವನ್ನೂ ತುಳಿಯುತ್ತಿರಲಿಲ್ಲ. ಎರಡು ತಿಂಗಳಲ್ಲಿ ಇಪ್ಪತ್ತೊಂದು ಕಲ್ಲೂ ತುಂಬಿದವು. ಬೇರೆ ಪಾಠವನ್ನೂ ಮಾಡಿದೆವು, ಪತ್ರ ಬರೆಯುವುದು, ಅನುವಾದ, ಎಲ್ಲ. ಆದರೆ ಅಪ್ಪನಿಗೆ ಜೀವ ಇದ್ದದ್ದು ಆ ಇಪ್ಪತ್ತೊಂದರಲ್ಲಿ.

ಪರೀಕ್ಷೆ ಗುಲ್ಬರ್ಗಾದಲ್ಲಿ. ಬೆಳಗಿನ ಗಾಡಿಗೆ ಅಪ್ಪನ ಜೊತೆ ನಾನೂ ಹೊರಟೆ. ಶಹಾಬಾದಿನಲ್ಲಿ ನನ್ನ ಚಿಕ್ಕವ್ವನ ಮನೆಯಿತ್ತು. ಅಲ್ಲಿ ನನ್ನನ್ನು ಇಳಿಸಿ ಅಪ್ಪ ಮುಂದೆ ಹೋಗುವುದು, ಸಂಜೆ ಅಲ್ಲಿಗೇ ಬರುವುದು ಅಂತ ಮಾತಾಗಿತ್ತು. ಚಿತ್ತಾಪುರ ದಾಟುವವರೆಗೂ ಅಪ್ಪ ಕಿಟಕಿಯ ಕಡೆ ಮುಖ ಮಾಡಿ ಬಾಯಲ್ಲೇ ವಾಕ್ಯ ಹೇಳಿಕೊಳ್ಳುತ್ತಿದ್ದ. ವಾಡಿಯಲ್ಲಿ ಗಾಡಿ ಬದಲಿಸಬೇಕಿತ್ತು. ಪ್ಲಾಟ್‌ಫಾರ್ಮಿನ ಮೇಲೆ ಅವನು ಆ ತುದಿಯಿಂದ ಈ ತುದಿಗೆ ಓಡಾಡಿದ್ದೇ ಓಡಾಡಿದ್ದು. ಮುಖದಲ್ಲಿ ರಕ್ತ ಇರಲಿಲ್ಲ.

‘ಯವ್ವಾ, ವಾಪಸ್ ಹೋಗೂನೇನು?’ ಅಂದ.

‘ಸುಮ್ನ ಗಾಡಿ ಹತ್ತು’ ಅಂದೆ. ಹೊಸ ಫೌಂಟನ್ ಪೆನ್ನಿಗೆ ನಾನೇ ಮಸಿ ತುಂಬಿ ಅವನ ಜೇಬಿಗೆ ಸಿಕ್ಕಿಸಿದ್ದೆ. ಶಹಾಬಾದಿನಲ್ಲಿ ಇಳಿದು ತಿರುಗಿ ನೋಡಿದಾಗ ಅಪ್ಪ ಆ ಪೆನ್ನಿನ ಮೇಲೆ ಕೈಯಿಟ್ಟುಕೊಂಡು ಕೂತಿದ್ದ.

ಸಂಜೆ ಚಿಕ್ಕವ್ವನ ಮನೆಗೆ ಬಂದವನು ಬೇರೆ ಮನುಷ್ಯನೇ ಆಗಿದ್ದ. ಚಪ್ಪಲಿ ಬಿಡುವುದಕ್ಕೆ ಮೊದಲೇ, ‘ಅದೇ ಬಂದಿತ್ತವ್ವಾ! ಅದೇ! ಗೆಟ್ ಶಬ್ದಾ ಐದು ಅರ್ಥದಾಗ ಬರೀರಿ ಅಂತ ಕೇಳಿದ್ರು!’ ಅಂದ. ಪ್ರಶ್ನೆಪತ್ರಿಕೆಯನ್ನು ಹೊರಗೆ ಒಯ್ಯಗೊಡುವುದಿಲ್ಲವಂತೆ, ಅದಕ್ಕೆ ತಂದಿರಲಿಲ್ಲ. ಬರೆಯಲು ಕೋರಾ, ಅಂದರೆ ಖಾಲಿ ಹಾಳೆ ಕೊಟ್ಟರಂತೆ, ನಡುವೆ ಮಡಚಿ ಹೊಲಿದುಕೊಳ್ಳಲಿಕ್ಕೆ ಸೂಜಿ ದಾರ ಸಹ ಅವರೇ ಇಟ್ಟಿದ್ದರಂತೆ. ಇವನು ಹೆಚ್ಚಿಗೆ ಹಾಳೆ ಇಸಿದುಕೊಂಡು ದಪ್ಪಗೆ ಹೊಲಿದುಕೊಂಡನಂತೆ, ಅರ್ಧ ಹಾಳೆ ಹಾಗೇ ಉಳಿದವಂತೆ. ಮನೆ ಮುಟ್ಟುವವರೆಗೂ ಅದೇ ಮಾತು. ಬಟ್ಟೆ ಒಗೆಯಲು ಜೇಬಿನಿಂದ ಪೆನ್ನು ತೆಗೆದಿಟ್ಟವಳು ನಾನು. ಮುಚ್ಚಳ ಬಿಚ್ಚಿ ನೋಡಿದರೆ ಮಸಿ ತುಂಬಿದಷ್ಟೂ ಹಾಗೇ ಇತ್ತು. ಆಗ ಅದನ್ನು ಮನಸ್ಸಿಗೆ ಹಾಕಿಕೊಳ್ಳಲಿಲ್ಲ.

ಎರಡು ತಿಂಗಳ ಮೇಲೆ ಕಚೇರಿಯ ಗೋಡೆಗೆ ಫಲಿತಾಂಶ ಹಚ್ಚಿದರು. ಅಪ್ಪನ ನಂಬರಿನ ಮುಂದೆ ಪಾಸೂ ಇರಲಿಲ್ಲ, ಫೇಲೂ ಇರಲಿಲ್ಲ. ಗೈರುಹಾಜರು ಅಂತ ಇತ್ತು.

ಅಪ್ಪ ಮನೆಗೆ ಬಂದು ಪಡಸಾಲೆಯಲ್ಲಿ ಕೂತ. ಸೀಮೆಸುಣ್ಣದ ಅಕ್ಷರ ಇನ್ನೂ ಅಲ್ಲಲ್ಲಿ ಮಾಸಲಾಗಿ ಉಳಿದಿದ್ದವು. ಬಹಳ ಹೊತ್ತಾದ ಮೇಲೆ, ‘ಒಂದು ಅರ್ಜಿ ಬರ್ಕೊಡು ಯವ್ವಾ, ಇಂಗ್ಲಿಷಿನ್ಯಾಗ. ಒಂದು ತಿಂಗಳ ಒಳಗ ಕೊಡಬೇಕಂತ. ನಾ ಹಾಜರಿದ್ದೆ ಅಂತ ಬರಿ. ಹಾಜರಿ ಪಟ್ಟಿದಾಗ ಸಹಿ ಮಾಡೀನಿ, ಅದನ್ನ ತಗದು ನೋಡ್ರಿ ಅಂತ ಬರಿ’ ಅಂದ.

ಆಗ ನನಗೆ ಪೆನ್ನು ನೆನಪಾಯಿತು, ವಾಡಿಯ ಪ್ಲಾಟ್‌ಫಾರ್ಮು ನೆನಪಾಯಿತು. ವಾಪಸು ಹೋಗೋಣವೇ ಅಂದಿದ್ದ ಮುಖ ನೆನಪಾಯಿತು. ಅದೇ ಪ್ರಶ್ನೆ ಬಂದಿತ್ತು ಅನ್ನುವುದೂ ಈಗ ಕತೆ ಕಟ್ಟಿದ ಹಾಗೆ ಕಂಡಿತು. ಜಗತ್ತಿನಲ್ಲಿ ಅಷ್ಟು ಶಬ್ದ ಇರುವಾಗ ನಮ್ಮ ಫರಸಿಯ ಮೇಲಿನದ್ದೇ ಯಾಕೆ ಕೇಳುತ್ತಾರೆ? ಇವನು ಹೆದರಿ ಒಳಗೆ ಹೋಗಿಯೇ ಇಲ್ಲ, ಎಲ್ಲೋ ಗಿಡದ ಕೆಳಗೆ ಕೂತು ಎದ್ದು ಬಂದಿದ್ದಾನೆ ಅಂತ ನನಗೆ ಖಾತ್ರಿಯಾಯಿತು. ಎರಡು ತಿಂಗಳ ನನ್ನ ಶ್ರಮ ನೆನೆದು ಸಿಟ್ಟು ನೆತ್ತಿಗೇರಿತು.

‘ಸುಳ್ಳ ಯಾಕ ಹೇಳ್ತಿ ಎಪ್ಪಾ? ನೀ ಒಳಗ ಹೋಗೇ ಇಲ್ಲ. ಪೆನ್ನಿನ್ಯಾಗ ಮಸಿ ಹಂಗೇ ಅದ. ಹೋಗದವ ಹೋಗೀನಿ ಅಂತ ನಾ ಯಾಕ ಬರೀಲಿ? ಬರಿಯಂಗಿಲ್ಲ’ ಅಂದೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತಾರಲ್ಲ. ಅಪ್ಪ ತನ್ನ ಕಾಲಿನ ಹೆಬ್ಬೆರಳನ್ನೇ ನೋಡುತ್ತ ಕೂತ. ಬೈಯಲಿಲ್ಲ, ಆಣೆ ಹಾಕಲಿಲ್ಲ, ಇನ್ನೊಮ್ಮೆ ಕೇಳಲೂ ಇಲ್ಲ. ಎದ್ದು ಹೋಗಿ ಬಚ್ಚಲಿನಿಂದ ಒದ್ದೆ ಬಟ್ಟೆ ತಂದು, ಮೊಣಕಾಲೂರಿ ಇಪ್ಪತ್ತೊಂದು ಫರಸಿಯನ್ನೂ ಒಂದೊಂದಾಗಿ ಒರೆಸಿದ. ಅವ್ವ ಬಾಗಿಲಲ್ಲಿ ನಿಂತು ನನ್ನನ್ನು ನೋಡಿದಳು. ತಿಂಗಳು ಕಳೆಯಿತು, ಅರ್ಜಿಯ ಗಡುವು ಮುಗಿಯಿತು, ಅಪ್ಪ ರೆಕಾರ್ಡ್ ರೂಮಿಗೆ ಹೋದ.

ಹದಿನಾಲ್ಕು ವರ್ಷ ಅಲ್ಲಿದ್ದ. ಅವನ ಕೈಕೆಳಗೆ ಕೆಲಸ ಕಲಿತವರು ಬಾಗಿಲಲ್ಲಿ ನಿಂತು ಅವನಿಗೇ ಫೈಲ್ ತರಲು ಹೇಳುವಂತಾದರು. ಧೂಳಿಗೆ ಕೆಮ್ಮು ಹತ್ತಿತು, ಮತ್ತೆ ಬಿಡಲಿಲ್ಲ. ನಾನು ಓದಿ ಟೀಚರಾದೆ, ಮದುವೆಯಾಯಿತು, ಊರೂರು ತಿರುಗಿದೆ. ಹಬ್ಬಕ್ಕೆ ಹೋದರೆ ಅಪ್ಪ ಮಕ್ಕಳನ್ನು ಎತ್ತಿ ಆಡಿಸುತ್ತಿದ್ದ, ನನ್ನ ಜೊತೆಯೂ ನಗುತ್ತಲೇ ಮಾತಾಡುತ್ತಿದ್ದ. ಆದರೆ ಇಂಗ್ಲಿಷಿನ ಒಂದು ಶಬ್ದವೂ ಅವನ ಬಾಯಿಂದ ಬರಲಿಲ್ಲ. ನಾನೂ ಕೆದಕಲಿಲ್ಲ. ಹೆದರಿದವನನ್ನು ಹೆದರಿದೆ ಅಂತ ಎಷ್ಟು ಸಲ ಹಂಗಿಸುವುದು, ಕ್ಷಮಿಸಿಬಿಟ್ಟಿದ್ದೇನೆ ಅಂತ ನಾನು ತಿಳಿದುಕೊಂಡಿದ್ದೆ. ಈಗ ಅದನ್ನು ನೆನೆದರೆ ನಾಚಿಕೆಯಾಗುತ್ತದೆ.

ಚಿತ್ತಾಪುರದಲ್ಲಿ ನಾನಿದ್ದಾಗ ಅಪ್ಪ ನಿವೃತ್ತನಾಗಿ ನಾಲ್ಕು ವರ್ಷವಾಗಿತ್ತು. ನಮ್ಮ ಶಾಲೆಗೆ ಆ ವರ್ಷ ಉರ್ದು ಪ್ರೈಮರಿ ಶಾಲೆಯಿಂದ ಎಂಟನೆಯ ಇಯತ್ತೆಗೆ ಒಬ್ಬ ಹುಡುಗಿ ಬಂದು ಸೇರಿದ್ದಳು. ಕಲ್ಲು ಗಣಿಯಲ್ಲಿ ದುಡಿಯುವವರ ಮಗಳು, ಮೆತ್ತಗಿನ ಹುಡುಗಿ. ಅರ್ಧವಾರ್ಷಿಕ ಪರೀಕ್ಷೆಗೆ ಹಾಳೆ ಮಕ್ಕಳೇ ತರಬೇಕು, ಮನೆಯಲ್ಲಿ ಮಡಚಿ ಹೊಲಿದುಕೊಂಡು. ಪರೀಕ್ಷೆ ಮುಗಿದ ಮೇಲೆ ಹೊಲಿಗೆಯ ಬದಿಯನ್ನೆಲ್ಲ ಒಂದೇ ಸಮ ಮಾಡಿ ಕಟ್ಟು ಕಟ್ಟಿಕೊಂಡು ಸ್ಟಾಫ್ ರೂಮಿನಲ್ಲಿ ತಿದ್ದಲು ಕೂತೆ. ಅಷ್ಟರಲ್ಲಿ ಒಂದು ಉತ್ತರ ಪುಸ್ತಕ ಬಂತು. ಮೇಲೆ ಹೆಸರಿಲ್ಲ, ನಂಬರಿಲ್ಲ. ಒಂದು ಹಾಳೆ ತಿರುವಿದೆ, ಖಾಲಿ. ಇನ್ನೊಂದು ತಿರುವಿದೆ, ಅದೂ ಖಾಲಿ. ಯಾರೋ ಹೆಚ್ಚಿಗೆ ತಂದದ್ದಿರಬೇಕು ಅಂತ ಕಿಟಕಿಯ ಮೇಲೆ ಎಸೆದೆ. ಕೊನೆಗೆ ಲೆಕ್ಕ ಹಾಕಿದಾಗ ಆ ಹುಡುಗಿಯದು ಇರಲಿಲ್ಲ. ಅವಳ ಹೆಸರಿನ ಮುಂದೆ ಗೈರುಹಾಜರು ಅಂತ ಬರೆದೆ.

ಮರುದಿನ ತರಗತಿಯಲ್ಲಿ ಅಂಕ ಓದಿದಾಗ ಅವಳು ಎದ್ದು ನಿಂತಳು.

‘ನಾ ಬರ್ದೀನ್ರಿ ಟೀಚರ್.’

‘ಸುಳ್ಳ ಯಾಕ ಹೇಳ್ತಿ? ಬರ್ದಿದ್ರ ಎಲ್ಲಿಗಿ ಹೋಯ್ತು?’ ಅಂದೆ.

ಅವಳು ತಲೆ ಬಗ್ಗಿಸಿ ಕಾಲಿನ ಹೆಬ್ಬೆರಳು ನೋಡುತ್ತ ನಿಂತಳು. ಹಾಗೆ ನೋಡುವುದನ್ನು ಹಿಂದೆ ಎಲ್ಲೋ ಕಂಡಿದ್ದೆ ಅನ್ನಿಸಿತು. ಸ್ಟಾಫ್ ರೂಮಿಗೆ ಬಂದು ಎಸೆದ ಆ ಪುಸ್ತಕವನ್ನು ತೆಗೆದು ಇನ್ನೊಮ್ಮೆ ತಿರುವುತ್ತಿದ್ದೆ. ಪಕ್ಕದಲ್ಲಿ ನಮ್ಮ ಶಾಲೆಯ ಉರ್ದು ಮಾಸ್ತರರು ಚಹಾ ಕುಡಿಯುತ್ತ ಕೂತಿದ್ದರು, ವಯಸ್ಸಾದವರು.

‘ನೋಡ್ರಿ ಮಾಸ್ತರ, ಕೋರಾ ಪುಸ್ತಕ ಇಟ್ಟು ಬರ್ದೀನಿ ಅಂತಾಳ. ಎಲ್ಲಾ ಉಲ್ಟಾ ವ್ಯವಹಾರ’ ಅಂದೆ.

ಅವರು ಕನ್ನಡಕ ಏರಿಸಿ ನನ್ನ ಕೈ ನೋಡಿದರು.

‘ಅದು ಉಲ್ಟಾ ಇಲ್ರಿ ಟೀಚರ್. ನೀವು ಉಲ್ಟಾ ಹಿಡ್ಕೊಂಡೀರಿ’ ಅಂದರು. ಪುಸ್ತಕವನ್ನು ಇಸಿದುಕೊಂಡು ಮಗುಚಿ, ಹೊಲಿಗೆ ಬಲಗಡೆಗೆ ಬರುವಂತೆ ನನ್ನ ಮುಂದಿಟ್ಟರು. ಅಲ್ಲಿ ಮೊದಲ ಪುಟದಲ್ಲಿ ಹುಡುಗಿಯ ಹೆಸರು, ನಂಬರು, ಕೆಳಗೆ ದುಂಡಗಿನ ಇಂಗ್ಲಿಷ್ ಅಕ್ಷರ. ಸಾಲು ಎಲ್ಲ ಎಡದಿಂದ ಬಲಕ್ಕೇ ಇದ್ದವು, ಪುಟ ಮಾತ್ರ ನಮಗೆ ಹಿಂಬದಿಯಾಗುವ ಕಡೆಯಿಂದ ಶುರುವಾಗಿದ್ದವು. ‘ನಮ್ಮ ಉರ್ದು ಮಕ್ಕಳಿಗಿ ಬುಕ್ ಶುರು ಆಗೋದು ಈ ಕಡಿಂದರಿ. ಹಾಳಿ ಉಳದಿದ್ರ ನಿಮಗ ಮೊದಲ ಕಾಣೋದು ಕೋರಾ ಹಾಳಿನೇ.’

ಹಾಳೆ ಹೆಚ್ಚಿಗೆ ಇಸಿದುಕೊಂಡೆ, ದಪ್ಪಗೆ ಹೊಲಿದುಕೊಂಡೆ, ಅರ್ಧ ಹಾಗೇ ಉಳಿದವು ಅಂತ ಚಿಕ್ಕವ್ವನ ಮನೆಯ ಬಾಗಿಲಲ್ಲಿ ನಿಂತು ಹೇಳಿದ್ದ ಅಪ್ಪನ ದನಿ ನನ್ನ ಕಿವಿಯಲ್ಲಿ ಬಂತು. ಇಪ್ಪತ್ತೊಂದು ಅರ್ಥ ಕಲಿಸಿದವಳು ನಾನು. ಪುಸ್ತಕ ಯಾವ ಕಡೆಯಿಂದ ಶುರುವಾಗುತ್ತದೆ ಅಂತ ಹೇಳಿಕೊಟ್ಟಿರಲಿಲ್ಲ. ಫರಸಿಗೆ ಮೊದಲ ಪುಟ ಕೊನೆಯ ಪುಟ ಅಂತ ಇರುವುದಿಲ್ಲವಲ್ಲ, ಹಾಗಾಗಿ ಆ ಮಾತೇ ನಮ್ಮ ನಡುವೆ ಬಂದಿರಲಿಲ್ಲ.

ಹುಡುಗಿಯನ್ನು ಕರೆಸಿ ತಪ್ಪು ನನ್ನದು ಅಂತ ಎಲ್ಲರ ಮುಂದೆ ಹೇಳಿದೆ. ಅವಳು ಗಾಬರಿಯಾಗಿ, ‘ಇರ್ಲಿ ಬಿಡ್ರಿ ಟೀಚರ್’ ಅಂದಳು. ಅದು ಸುಲಭದ ಕೆಲಸ. ಇನ್ನೊಂದಿತ್ತು.

ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಕೂಡಲೇ ಸೇಡಂ ಗಾಡಿ ಹತ್ತಿದೆ. ಅವ್ವ ಹೋಗಿ ಎರಡು ವರ್ಷವಾಗಿತ್ತು. ಮನೆಯಲ್ಲಿ ತಮ್ಮ, ಅವನ ಹೆಂಡತಿ, ಮಕ್ಕಳು, ಗದ್ದಲ. ಅಪ್ಪ ಪಡಸಾಲೆಯಲ್ಲಿ ಗೋಡೆಗೆ ಒರಗಿ ಅವರೆಕಾಯಿ ಸುಲಿಯುತ್ತಿದ್ದ. ನನ್ನನ್ನು ನೋಡಿ, ‘ಯಾಕವ್ವಾ, ಹಬ್ಬಿಲ್ಲ ಹುಣ್ಣಿಮಿಲ್ಲ, ಒಮ್ಮಿಗೇ ಬಂದಿ?’ ಅಂದ. ಚೀಲ ಬದಿಗಿಟ್ಟು ಅವನ ಮುಂದೆ ಕೂತೆ. ಸುತ್ತಿ ಬಳಸಿ ಮಾತಾಡುವ ಶಕ್ತಿ ನನಗಿರಲಿಲ್ಲ.

‘ಎಪ್ಪಾ, ಆ ಪರೀಕ್ಷಿ ದಿನ ಹಾಳಿ ಹೊಲ್ಕೊಂಡೆ ಅಂದಿದ್ಯಲ್ಲ, ಹೊಲಗಿ ಯಾವ ಕಡಿ ಇಟ್ಕೊಂಡು ಬರ್ದಿ?’

ಅಪ್ಪನ ಕೈ ನಿಂತಿತು. ಇಷ್ಟು ವರ್ಷದ ಮೇಲೆ ಯಾವ ಪರೀಕ್ಷೆ ಅಂತ ಅವನು ಕೇಳಲಿಲ್ಲ.

‘ಬಲಕ್ಕ. ಮತ್ತ್ಯಾವ ಕಡಿ ಇಡ್ತಾರ?’

ನಾನು ಚೀಲದಿಂದ ಹಾಳೆ ತೆಗೆದು ಮಡಚಿ ತೋರಿಸಿದೆ. ಅವರು ಹೇಗೆ ಹಿಡಿದಿರಬೇಕು, ಏನು ಕಂಡಿರಬೇಕು, ಯಾಕೆ ಗೈರುಹಾಜರು ಅಂತ ಬರೆದಿರಬೇಕು, ಎಲ್ಲ ಹೇಳಿದೆ. ಚಿತ್ತಾಪುರದ ಹುಡುಗಿಯ ಸಂಗತಿಯನ್ನೂ ಹೇಳಿದೆ. ಅಪ್ಪ ಆ ಹಾಳೆಯನ್ನು ಇಸಿದುಕೊಂಡು ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ತಿರುಗಿಸಿ ನೋಡಿ ನನ್ನ ತೊಡೆಯ ಮೇಲಿಟ್ಟ.

‘ನನ್ನ ಬರವಣಿಗಿ ಭಾಳ ಕೆಟ್ಟದ್ದಾಗಿತ್ತು, ಫೇಲ್ ಅಂತ ಬರೀಲಾಕ ಮನಸ್ಸಾಗ್ದೆ ಗೈರಹಾಜರ್ ಅಂತ ಬರ್ದಾರ ಅಂತ ತಿಳ್ಕೊಂಡಿದ್ದೆ ನಾ’ ಅಂದ.

‘ಪೆನ್ನಿನ್ಯಾಗ ಮಸಿ...’ ಅಂದೆ ನಾನು.

‘ಆ ಪೆನ್ನು ನನ್ನ ಕೈಗಿ ಬರ್ತಿದ್ದಿಲ್ಲವ್ವಾ. ಅಲ್ಲೇ ಮಸಿ ದವತಿ, ಟಾಕು ಇಟ್ಟಿದ್ರು. ಅದ್ದಿ ಬರ್ದೆ, ಕಚೇರ್ಯಾಗ ಬರ್ದಂಗ.’

ನನಗೆ ಅಳು ತಡೆಯಲಾಗಲಿಲ್ಲ. ‘ನಾ ನಿನಗ ಸುಳ್ಳ ಹೇಳ್ತಿ ಅಂದೆ.’

‘ಅಂದಿದ್ದಿ.’

‘ಅರ್ಜಿ ಬರ್ಕೊಡ್ಲಿಲ್ಲ.’

‘ಇಲ್ಲ.’

‘ಯಾಕ ಸುಮ್ಮನಾದಿ ಮತ್ತ? ನನಗ ನಾಕು ಬಡೀಬೇಕಾಗಿತ್ತು. ಬ್ಯಾರೇದವರ ಕೈಲೆ ಬರಸ್ಬೇಕಾಗಿತ್ತು!’

ಅಪ್ಪ ಕೆಮ್ಮಿದ. ಕೆಮ್ಮು ನಿಲ್ಲುವವರೆಗೆ ಕಾದು ಹೇಳಿದ, ‘ನನ್ನ ಮಗಳೇ ನಂಬ್ಲಿಲ್ಲ. ಗುರ್ತಿಲ್ಲದ ಸಾಹೇಬ ನಂ‌ಬ್ತಿದ್ದನೇನು? ಅದಕ್ಕ ಬಿಟ್ಟೆ.’

ಹೊರಗೆ ತಮ್ಮನ ಮಕ್ಕಳು ಜಗಳವಾಡುತ್ತಿದ್ದರು. ಅಪ್ಪ ಅವರೆಕಾಯಿಯ ಮೊರ ಸರಿಸಿ, ಕೂತಲ್ಲಿಂದಲೇ ಕೈ ಚಾಚಿ ಫರಸಿಯ ಕಲ್ಲನ್ನು ಬೆರಳಿನಿಂದ ತಟ್ಟಿದ. ‘ಐ ಗಾಟ್ ಎ ಲೆಟರ್’ ಅಂದ. ಪಕ್ಕದ ಕಲ್ಲು ತಟ್ಟಿ ‘ಗೆಟ್ ದಿ ಫೈಲ್’ ಅಂದ. ಹದಿನೆಂಟು ವರ್ಷದ ಹಿಂದೆ ಪರೀಕ್ಷೆಯಲ್ಲಿ ಬರೆದದ್ದನ್ನು ಅವನು ಒಂದಕ್ಷರ ಬಿಡದೆ ಇಟ್ಟುಕೊಂಡಿದ್ದ. ‘ವಿ ಗೆಟ್ ಆನ್ ದಿ ಟ್ರೇನ್ ಅಟ್ ವಾಡಿ. ದಿ ಓಲ್ಡ್ ಮ್ಯಾನ್ ಗೆಟ್ಸ್ ಟಯರ್ಡ್. ಐ ಡಿಡ್ ನಾಟ್ ಗಾಟ್ ಯು.’ ಐದು ಕಲ್ಲು ಆದವು. ಅಪ್ಪ ಕೈ ಹಿಂದಕ್ಕೆ ತೆಗೆದುಕೊಂಡ.

‘ತಿದ್ದು ಈಗ. ಟೀಚರಿದ್ದಿ.’

ಸುಳ್ಳು ಹೇಳಿಬಿಡೋಣ ಅನ್ನಿಸಿತು. ಆದರೆ ಸುಳ್ಳಿನ ಮಾತು ಈ ಪಡಸಾಲೆಯಲ್ಲಿ ಒಂದು ಸಲ ಆಗಿ ಹೋಗಿತ್ತು.

‘ಕಡೀದು ತಪ್ಪದ ಎಪ್ಪಾ, ಅಲ್ಲಿ ಗಾಟ್ ಅಲ್ಲ, ಗೆಟ್. ನಾಕು ಬರಾಬರ್ ಅವ.’

‘ಐದರಾಗ ನಾಕು. ಪಾಸಲ್ಲೇನು?’

‘ಪಾಸ್.’

ಅಪ್ಪ ತಲೆಯಾಡಿಸಿದ. ನನ್ನ ತೊಡೆಯ ಮೇಲಿದ್ದ ಹಾಳೆಯನ್ನು ಗದ್ದ ಎತ್ತಿ ತೋರಿಸಿದ. ‘ಹಂಗಾದ್ರ ಬರಿ ಅರ್ಜಿ.’

‘ಈಗ? ಈಗ ಯಾರಿಗಿ ಬರೀಲಿ ಎಪ್ಪಾ? ಆ ಸಾಹೇಬರಿಲ್ಲ, ಆ ಪರೀಕ್ಷಿನೇ ಇಲ್ಲ.’

‘ಯಾರಿಗರ ಬರಿ. ನಾ ಹಾಜರಿದ್ದೆ ಅಂತ ಬರಿ.’

ಫರಸಿಯ ಮೇಲೆ ಹಾಳೆ ಇಟ್ಟು ಬಗ್ಗಿ ಬರೆದೆ. ನಾಲ್ಕೇ ಸಾಲು. ಓದಿ ಹೇಳಿದೆ, ಅಪ್ಪ ಕಣ್ಣು ಮುಚ್ಚಿಕೊಂಡು ಕೇಳಿದ. ಆಮೇಲೆ ನನ್ನ ಕೈಯಿಂದ ಪೆನ್ನು ಇಸಿದುಕೊಂಡು ಕೆಳಗೆ ಸಹಿ ಮಾಡಿದ, ಉರ್ದುವಿನಲ್ಲಿ, ಬಲದಿಂದ ಎಡಕ್ಕೆ. ಆ ಅರ್ಜಿ ಈಗಲೂ ನನ್ನ ಟ್ರಂಕಿನಲ್ಲಿದೆ. ವಿಳಾಸದ ಜಾಗ ಖಾಲಿ ಬಿಟ್ಟಿದ್ದೆ, ಹಾಗೇ ಇದೆ.